ಕಪಾಟುಗಳ ಮೇಲೆ ನಿಂತ ನೆಲ

ಆ ಟಿಪ್ಪಣಿಯಲ್ಲಿ ಇದ್ದದ್ದು ನಾಲ್ಕು ಸಾಲು. ಗ್ರಂಥಾಲಯದ ಹಿಂಭಾಗದ ನೆಲಮಹಡಿಯಲ್ಲಿರುವ ಕಬ್ಬಿಣದ ಕಪಾಟುಗಳು ಸಾಮಾನಿಗೆ ಸೇರುತ್ತವೆ, ಕಟ್ಟಡಕ್ಕೆ ಸೇರುವುದಿಲ್ಲ, ಅವನ್ನು ತೆಗೆಯಲು ನಮ್ಮ ಅಡ್ಡಿಯಿಲ್ಲ ಎಂದು ಬರೆದು ಕೆಳಗೆ ಸಹಿ ಹಾಕಿದ್ದೆ. ದಾಸ್ತಾನು ರಜಿಸ್ಟರು ನೋಡಿಯೇ ಬರೆದದ್ದು. ಅದರಲ್ಲಿ ಮೇಜು, ಕುರ್ಚಿ, ಏಣಿ, ಗೋಡೆ ಗಡಿಯಾರಗಳ ನಡುವೆ ‘ಲೋಖಂಡಿ ಕಪಾಟೆ’ ಎಂದು ಯಾರೋ ದುಂಡಗಿನ ಮರಾಠಿ ಅಕ್ಷರದಲ್ಲಿ ನಮೂದಿಸಿದ್ದರು. ನಾನು ಅದನ್ನು ನಂಬಿದೆ. ಇಪ್ಪತ್ತೊಂದು ವರ್ಷ ಅದೇ ಕಟ್ಟಡದಲ್ಲಿ ಓಡಾಡಿದವಳು ಒಮ್ಮೆ ಕೆಳಗಿಳಿದು, ಬಗ್ಗಿ, ಆ ಕಪಾಟುಗಳ ಕಾಲು ನೋಡಿ ಬರೆಯಬಹುದಿತ್ತು. ನೋಡಲಿಲ್ಲ.

ನಾನು ಕೊಲ್ಹಾಪುರದ ವಿಶ್ವವಿದ್ಯಾಲಯದ ಮುಖ್ಯ ಗ್ರಂಥಾಲಯದಲ್ಲಿ ಸಹಾಯಕ ಗ್ರಂಥಪಾಲಕಿ. ಮನೆ ಇಚಲಕರಂಜಿಯಲ್ಲಿ. ನಮ್ಮ ಅಪ್ಪ ರಬಕವಿ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದು ಇಲ್ಲೇ ನಿಂತವನು. ನಲವತ್ತು ವರ್ಷ ಪವರ್‌ಲೂಮ್ ಖಾತೆಗಳಲ್ಲಿ, ಎಂದರೆ ಮಗ್ಗದ ಶೆಡ್ಡುಗಳಲ್ಲಿ, ಜಾಬರ್ ಆಗಿದ್ದ. ಕೆಟ್ಟ ಮಗ್ಗವನ್ನು ರಿಪೇರಿ ಮಾಡುವವನಿಗೆ ನಮ್ಮಲ್ಲಿ ಜಾಬರ್ ಎನ್ನುತ್ತಾರೆ. ಮಗ್ಗಗಳ ಸದ್ದಿಗೆ ಅವನ ಕಿವಿ ಹೋಗಿದೆ. ಎದುರು ನಿಂತು ತುಟಿ ಕಾಣುವ ಹಾಗೆ ಮಾತಾಡಿದರೆ ಅರ್ಥವಾಗುತ್ತದೆ, ಇಲ್ಲದಿದ್ದರೆ ಇಲ್ಲ. ನಾನು ಕಲಿತದ್ದು ಮರಾಠಿ ಶಾಲೆಯಲ್ಲಿ, ಮನೆಯಲ್ಲಿ ಆಡುವುದು ಕನ್ನಡ. ದಿನಾ ಬೆಳಿಗ್ಗೆ ಎಸ್‌ಟಿ ಬಸ್ಸು ಹಿಡಿದು ಕೊಲ್ಹಾಪುರಕ್ಕೆ ಹೋಗುವುದು, ಸಂಜೆ ಬರುವುದು.

ಗ್ರಂಥಾಲಯದ ಮುಂಭಾಗ ಕರಿಕಲ್ಲಿನದು. ಹೊಸಬರು ನೋಡಿದರೆ ಕೋಟೆ ಎಂದುಕೊಳ್ಳುತ್ತಾರೆ. ಒಳಗೆ ಎರಡಾಳೆತ್ತರದ ಓದುಮನೆ. ಅದರ ದೊಡ್ಡ ಕಿಟಕಿಗಳೆಲ್ಲ ಉತ್ತರಕ್ಕಿವೆ, ಹಾಗಾಗಿ ದಿನವಿಡೀ ಬೆಳಕು ಒಂದೇ ಸಮ ಬೀಳುತ್ತದೆ, ಬಿಸಿಲು ಮಾತ್ರ ಪುಸ್ತಕದ ಮೇಲೆ ಬೀಳುವುದಿಲ್ಲ. ಓದುಮನೆಯ ಹಿಂದೆ ಪುಸ್ತಕಗಳ ವಿಭಾಗ. ಅಲ್ಲಿ ಮೂರು ಅಂತಸ್ತು, ಒಂದೊಂದೂ ಗಿಡ್ಡ. ಎತ್ತರದವರು ಕೈ ಚಾಚಿದರೆ ಸೂರು ಮುಟ್ಟುತ್ತದೆ. ಏಣಿಯಿಲ್ಲದೆ ಎಲ್ಲ ಪುಸ್ತಕ ಕೈಗೆ ಸಿಗಲಿ ಎಂದು ಹಾಗೆ ಕಟ್ಟಿದ್ದಾರೆಂದು ಹಿರಿಯರು ಹೇಳುತ್ತಿದ್ದರು. ನೆಲಕ್ಕೆ ಶಹಾಬಾದ್ ಕಲ್ಲಿನ ಚಪ್ಪಡಿ. ಮೇಲಿನ ಅಂತಸ್ತುಗಳಲ್ಲಿ ಒಂದು ವಿಚಿತ್ರವಿತ್ತು: ನೆಲ ಗೋಡೆಯ ತನಕ ಹೋಗುತ್ತಿರಲಿಲ್ಲ. ಗೋಡೆಗೂ ಕಲ್ಲಿಗೂ ನಡುವೆ ಸುತ್ತಲೂ ಒಂದು ಗೇಣಿನಷ್ಟು ಸಂದು. ನಮ್ಮ ಪೆನ್ನು, ಪೆನ್ಸಿಲು, ಒಮ್ಮೆ ನನ್ನ ಕನ್ನಡಕ ಕೂಡ ಅದರಲ್ಲಿ ಬಿದ್ದು ನೆಲಮಹಡಿ ಸೇರಿದ್ದವು. ಮಳೆಗಾಲದಲ್ಲಿ ಗಾಳಿಯಾಡಿ ಪುಸ್ತಕಕ್ಕೆ ಬೂಸು ಹಿಡಿಯದಿರಲಿ ಎಂದು ಬಿಟ್ಟಿದ್ದಾರೆ ಎಂಬುದಷ್ಟೇ ನಮಗೆ ಗೊತ್ತಿತ್ತು. ಗೋಡೆಯನ್ನು ಮುಟ್ಟದ ನೆಲ ಯಾತರ ಮೇಲೆ ನಿಂತಿದೆ ಎಂದು ಇಪ್ಪತ್ತೊಂದು ವರ್ಷದಲ್ಲಿ ನಾನು ಕೇಳಿಕೊಂಡಿರಲಿಲ್ಲ.

ಬೇಸಿಗೆ ರಜೆಯಲ್ಲಿ ನೆಲಮಹಡಿ ಖಾಲಿ ಮಾಡಿ ಅಲ್ಲಿ ಕಂಪ್ಯೂಟರ್ ಕೋಣೆ ಮಾಡುವುದೆಂದು ನಿಶ್ಚಯವಾಯಿತು. ಕಟ್ಟಡದ ಮೂಲ ನಕ್ಷೆ ಯಾರ ಬಳಿಯೂ ಸಿಗಲಿಲ್ಲ. ಕಚೇರಿ ಬದಲಿಸುವಾಗ ಕಳೆದಿರಬೇಕು, ಇಲ್ಲವೇ ಗೆದ್ದಲು ತಿಂದಿರಬೇಕು. ನಕ್ಷೆಯಿಲ್ಲದ್ದರಿಂದ ಕಾಮಗಾರಿ ವಿಭಾಗದವರು ಕಪಾಟುಗಳ ಬಗ್ಗೆ ಗ್ರಂಥಾಲಯವೇ ಲಿಖಿತ ಅಭಿಪ್ರಾಯ ಕೊಡಲಿ ಎಂದರು. ನಮ್ಮ ಗ್ರಂಥಪಾಲರು ಅದನ್ನು ನನಗೆ ವಹಿಸಿದರು. ಜೊತೆಗೆ ಹೊಸ ಕೋಣೆಯ ಉದ್ಘಾಟನೆಗೆ ಹಂಚಲು ಗ್ರಂಥಾಲಯದ ಇತಿಹಾಸದ ಕಿರುಪುಸ್ತಕವನ್ನೂ ನಾನೇ ಬರೆಯಬೇಕೆಂದರು. ಟಿಪ್ಪಣಿ ಬರೆಯಲು ಹತ್ತು ನಿಮಿಷ ಹಿಡಿಯಿತು.

ನೆಲಮಹಡಿಯ ಪುಸ್ತಕಗಳನ್ನು ಮೊದಲು ಓದುಮನೆಗೆ ಸಾಗಿಸಿದೆವು. ಅಲ್ಲಿ ಜಾಗ ತುಂಬಿದ ಮೇಲೆ, ಉಳಿದ ಹಳೆಯ ನಿಯತಕಾಲಿಕಗಳ ದಪ್ಪ ಸಂಪುಟಗಳನ್ನು ಎರಡನೆಯ ಅಂತಸ್ತಿನ ನಡುದಾರಿಯ ಒಂದು ಪಕ್ಕಕ್ಕೆ ಎದೆಮಟ್ಟ ಪೇರಿಸಿ ಇಡಿ ಎಂದು ನಾನೇ ಹೇಳಿದೆ. ಆಮೇಲೆ ನೆನೆಸಿಕೊಂಡರೆ ಬೆವರು ಬರುತ್ತಿದ್ದದ್ದು ಟಿಪ್ಪಣಿಗಿಂತ ಈ ಮಾತಿಗೆ.

ಕಪಾಟುಗಳು ಖಾಲಿಯಾದ ದಿನ ಅವುಗಳ ಕಾಲು ಮೊದಲ ಸಲ ಕಂಡಿತು. ನನ್ನ ಮಣಿಕಟ್ಟಿಗಿಂತ ದಪ್ಪ. ಬುಡದಲ್ಲಿ ಎರಕದ ಅಕ್ಷರದಲ್ಲಿ ಒಂದು ಕಾರಖಾನೆಯ ಗುರುತು, ಅದರ ಕೆಳಗೆ ‘ಇಚಲಕರಂಜಿ’. ನಮ್ಮೂರ ಹೆಸರು ನೋಡಿ ಹಿಗ್ಗಿದೆ. ಕಿರುಪುಸ್ತಕಕ್ಕೆ ಒಳ್ಳೆಯ ಸಂಗತಿ ಸಿಕ್ಕಿತೆಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಭಾನುವಾರ ಅಪ್ಪನಿಗೆ ತೋರಿಸಿದೆ.

ಆ ಕಾರಖಾನೆ ಅವನಿಗೆ ಗೊತ್ತಿತ್ತು. ಮಗ್ಗದ ಬಿಡಿಭಾಗ ಎರಕ ಹೊಯ್ಯುತ್ತಿದ್ದರಂತೆ, ಮುಚ್ಚಿ ಎಷ್ಟೋ ಕಾಲವಾಯಿತು, ಮಾಲೀಕರೂ ಮಿಸ್ತ್ರಿಗಳೂ ಉಳಿದಿಲ್ಲ. ಆದರೆ ಅವನು ಫೋಟೊ ಕೆಳಗಿಡಲಿಲ್ಲ. ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ಮಾಡಿ ನೋಡಿದ.

“ಬರೇ ಪುಸ್ತಕ ಇಡಾಕ ಇಷ್ಟ ದಪ್ಪ ಕಾಲು ಯಾಕ?” ಎಂದ.

ಪುಸ್ತಕ ಭಾಳ ಭಾರ ಇರುತ್ತವೆ ಎಂದೆ. ಅವನು ತಲೆಯಾಡಿಸಿದ. ಇಷ್ಟು ದಪ್ಪದ ಕಾಲನ್ನು ಮಗ್ಗಕ್ಕೂ ಹಾಕುವುದಿಲ್ಲ, ಖಾತೆಯ ಅಟ್ಟಕ್ಕೆ ಹಾಕುತ್ತಾರೆ ಎಂದ. ಆ ಕಟ್ಟಡದಲ್ಲಿ ಕಲ್ಲುಕೆಲಸ ಮಾಡಿದ ಒಬ್ಬ ಗೌಂಡಿ ಗಡಹಿಂಗ್ಲಜದಲ್ಲಿದ್ದಾರೆ, ಆಮೇಲೆ ಅವರೇ ನಮ್ಮೂರ ಖಾತೆಗಳಲ್ಲಿ ಮಗ್ಗದ ಪಾಯ ಹಾಕಲು ಬರುತ್ತಿದ್ದರು, ಬದುಕಿದ್ದರೆ ಎಲ್ಲ ಹೇಳುತ್ತಾರೆ ಎಂದೂ ಹೇಳಿದ. ಕೆಲಸ ಶುರುವಾಗುವುದು ಗುರುವಾರವೆಂದು ನಿಗದಿಯಾಗಿತ್ತು. ಮಂಗಳವಾರ ನಾನು ರಜೆ ಹಾಕಿ ಅಪ್ಪನನ್ನು ಕರೆದುಕೊಂಡು ಗಡಹಿಂಗ್ಲಜಕ್ಕೆ ಹೋದೆ. ಆಗಲೂ ನನ್ನ ತಲೆಯಲ್ಲಿದ್ದದ್ದು ಕಿರುಪುಸ್ತಕವೇ.

ಗೌಂಡಿಯವರು ಬದುಕಿದ್ದರು. ಬೆನ್ನು ಬಾಗಿತ್ತು, ಕಣ್ಣು ಚುರುಕಾಗಿದ್ದವು. ಅಪ್ಪನನ್ನು ಗುರುತು ಹಿಡಿದು ಪಡಸಾಲೆಯಲ್ಲಿ ಕೂರಿಸಿ ಸೊಸೆಗೆ ಚಹಾ ಇಡಲು ಹೇಳಿದರು. ನಾನು ಟಿಪ್ಪಣಿ ಪುಸ್ತಕ ಬಿಚ್ಚಿಕೊಂಡೆ. ಕಲ್ಲು ಎಲ್ಲಿಂದ ಬಂತು, ಎಷ್ಟು ಮಂದಿ ಕೆತ್ತುತ್ತಿದ್ದರು, ಮುಂಬಾಗಿಲ ಕಮಾನಿನ ನಡುಗಲ್ಲನ್ನು ಎಷ್ಟು ಸಲ ಇಳಿಸಿ ಮತ್ತೆ ಏರಿಸಿದರು ಎಂಬುದನ್ನೆಲ್ಲ ನಿನ್ನೆ ನಡೆದ ಹಾಗೆ ಹೇಳಿದರು. ಆಗ ಸಿಮೆಂಟು ಸಿಗುವುದು ಕಷ್ಟವಾಗಿತ್ತಂತೆ. ಹಿಂಭಾಗಕ್ಕೆ ಕಾಂಕ್ರೀಟಿನ ಕಂಬ ಹಾಕುವಷ್ಟು ಸಿಮೆಂಟು ಇಲ್ಲದ್ದರಿಂದ ಇಂಜಿನಿಯರ್ ಸಾಹೇಬರು ಬೇರೆ ಉಪಾಯ ಹುಡುಕಿದರಂತೆ. ನಾನು ಬರೆದುಕೊಳ್ಳುತ್ತಲೇ, ಈಗ ಕೆಳಗಿನ ಕಪಾಟು ತೆಗೆದು ಅಲ್ಲಿ ಕಂಪ್ಯೂಟರ್ ಇಡುತ್ತಾರೆ ಎಂದು ಖುಷಿಯಿಂದ ಹೇಳಿದೆ.

ಅವರು ಬಸಿಯಲ್ಲಿದ್ದ ಚಹಾ ಕುಡಿಯದೆ ಕೆಳಗಿಟ್ಟರು.

“ಯಾವ ಕಪಾಟು, ತಂಗಿ?”

“ಹಿಂದಿನ್ವು ರೀ. ನೆಲಮಹಡಿದ್ದು.”

“ಅವನ್ನ ತಗ್ಯಾಕ ಬರಂಗಿಲ್ಲ. ಕಪಾಟು ನೆಲದ ಮ್ಯಾಲ ನಿಂತಾವಂತ ತಿಳಕೊಂಡೀರಿ ನೀವು. ನೆಲಾನ ಕಪಾಟಿನ ಮ್ಯಾಲ ನಿಂತೈತಿ.”

ನನಗೆ ಒಮ್ಮೆಲೇ ಅರ್ಥವಾಗಲಿಲ್ಲ. ಅವರು ಸೊಸೆಯಿಂದ ಚಹಾ ಲೋಟ, ತಟ್ಟೆ ತರಿಸಿ, ನಾಲ್ಕು ಲೋಟಗಳನ್ನು ಬೋರಲು ನಿಲ್ಲಿಸಿ ಮೇಲೆ ಒಂದು ತಟ್ಟೆ ಇಟ್ಟರು. ತಟ್ಟೆಯ ಮೇಲೆ ಮತ್ತೆ ನಾಲ್ಕು ಲೋಟ, ಅದರ ಮೇಲೆ ಇನ್ನೊಂದು ತಟ್ಟೆ. ಕಪಾಟಿನ ಕಾಲುಗಳೇ ಕಂಬ, ಅಡ್ಡಪಟ್ಟಿಗಳೇ ತೊಲೆ, ಅವುಗಳ ಮೇಲೆ ತಾನು ಕಲ್ಲು ಹಾಸಿದ್ದು ಎಂದರು. ಮೇಲಿನ ಎರಡು ಅಂತಸ್ತಿನ ಕಪಾಟು, ಪುಸ್ತಕ, ಓಡಾಡುವ ಮಂದಿ, ಎಲ್ಲ ಭಾರ ಆ ಕಾಲುಗಳ ಮೂಲಕವೇ ನೆಲಕ್ಕಿಳಿಯುತ್ತದೆ, ಅದಕ್ಕೇ ನೆಲ ಗೋಡೆಗೆ ತಾಗಿಲ್ಲ. ಆಮೇಲೆ ಕೆಳಗಿನ ಒಂದು ಲೋಟದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ಲೋಟ ಎಳೆಯಲಿಲ್ಲ. ಅಪ್ಪನಿಗೆ ಮಾತು ಕೇಳಿಸಿರಲಿಲ್ಲ, ಆದರೆ ಲೋಟಗಳನ್ನು ನೋಡಿಯೇ ಅವನು ಎದ್ದು ನಿಂತಿದ್ದ.

ಗ್ರಂಥಪಾಲರಿಗೆ ಫೋನ್ ಹಚ್ಚಿದೆ. ತೆಗೆಯಲಿಲ್ಲ. ಗ್ರಂಥಾಲಯದ ಫೋನು ರಿಂಗಾಗುತ್ತಲೇ ಇತ್ತು. ರಜೆಯಲ್ಲಿ ಮೇಜಿನ ಬಳಿ ಯಾರೂ ಕೂರುವುದಿಲ್ಲ. ಕಾಮಗಾರಿ ವಿಭಾಗದ ಗುಮಾಸ್ತ ಫೋನ್ ತೆಗೆದು, ಗ್ಯಾಸ್ ಕಟರ್ ಬೇಗ ಸಿಕ್ಕಿದ್ದರಿಂದ ಗುತ್ತಿಗೆದಾರ ಇವತ್ತು ಬೆಳಿಗ್ಗೆಯೇ ಕೆಲಸ ಶುರುಮಾಡಿದ್ದಾನೆ, ಸಾಹೇಬರೆಲ್ಲ ಮೀಟಿಂಗಿನಲ್ಲಿದ್ದಾರೆ, ಎರಡು ದಿನ ಮೊದಲೇ ಮುಗಿದರೆ ನಿಮಗೂ ಒಳ್ಳೆಯದಲ್ಲವೇ ಎಂದು ಮರಾಠಿಯಲ್ಲಿ ಹೇಳಿದ. ಕೆಲಸ ನಿಲ್ಲಿಸಿ, ಕಟ್ಟಡ ಬೀಳುತ್ತದೆ ಎಂದೆ. ಅವನು, ಸಾಹೇಬರು ಬಂದಕೂಡಲೇ ಹೇಳುತ್ತೇನೆ ಎಂದ.

ನಾವು ಹೊರಡುವಾಗ ಗೌಂಡಿಯವರು ಬಾಗಿಲ ತನಕ ಬಂದು ನನ್ನ ಕೈ ಹಿಡಿದುಕೊಂಡರು. “ಮ್ಯಾಲ ಯಾರಾರ ಇದ್ದರ ನಡುವ ಕಾಲಿಡಬ್ಯಾಡಂತ ಹೇಳ್ರಿ. ಕಪಾಟಿನ ಬುಡ ಹಿಡದು ಬರಬೇಕು. ಕಲ್ಲು ನಡುವ ಮುರಿತೈತಿ.”

ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕೆ ಬಸ್ಸು ಸಂಕೇಶ್ವರ, ನಿಪ್ಪಾಣಿ ಹಾದು ಹೋಗುತ್ತದೆ. ದಾರಿಯ ನಡುವೆ ಕರ್ನಾಟಕ ಬಂದು ಮತ್ತೆ ಮಹಾರಾಷ್ಟ್ರ ಬರುತ್ತದೆ. ಎಷ್ಟೋ ಸಲ ಓಡಾಡಿದ ಹಾದಿ ಅವತ್ತು ಮುಗಿಯಲೊಲ್ಲದು. ಸಂಕೇಶ್ವರದಲ್ಲಿ ಡ್ರೈವರ್ ಇಳಿದು ಎಲೆಅಡಿಕೆ ಹಾಕಿಕೊಂಡು ನಿಧಾನ ಬಂದ. ನಾನು ಫೋನ್ ಹಚ್ಚುತ್ತಲೇ ಇದ್ದೆ. ಅಪ್ಪ ಮುಂದಿನ ಸೀಟಿನ ಸರಳು ಹಿಡಿದು ರಸ್ತೆಯನ್ನೇ ನೋಡುತ್ತಿದ್ದ. ನಾನು ಅವನ ಕಡೆ ಮುಖ ತಿರುಗಿಸಿ, ತುಟಿ ಕಾಣುವ ಹಾಗೆ, ಆ ಕಾಗದಕ್ಕೆ ಸಹಿ ಹಾಕಿದ್ದು ನಾನೇ ಎಂದು ಹೇಳಿದೆ. ಅಪ್ಪ ನನ್ನ ಮಡಿಲಿನಿಂದ ಚೀಲ ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡ.

ನಿಪ್ಪಾಣಿ ದಾಟಿದ ಮೇಲೆ ಗ್ರಂಥಪಾಲರು ಫೋನ್ ತೆಗೆದರು. ನಾನು ಹೇಳಿದ್ದನ್ನೆಲ್ಲ ಕೇಳಿದರು. ಅವರು ಕೆಟ್ಟವರಲ್ಲ, ಆದರೆ ಕಾಗದದ ಮನುಷ್ಯ. ಕಪಾಟು ಸಾಮಾನು ಎಂದು ನೀವೇ ಬರೆದುಕೊಟ್ಟಿದ್ದೀರಿ, ಈಗ ಒಬ್ಬ ಮುದಿ ಗೌಂಡಿಯ ಮಾತಿನ ಮೇಲೆ ಮಂಜೂರಾದ ಕೆಲಸ ನಿಲ್ಲಿಸಿ ಎಂದರೆ ನಾನು ಮೇಲಿನವರಿಗೆ ಏನು ಹೇಳಲಿ ಎಂದರು. ನೀವು ಒಮ್ಮೆ ಹಿಂದೆ ಹೋಗಿ ನಿಂತು ನೋಡಿ ಸರ್ ಎಂದಷ್ಟೇ ಬೇಡಿಕೊಂಡೆ. ಮೀಟಿಂಗು ಮುಗಿಸಿ ಹೋಗುತ್ತೇನೆ ಎಂದರು.

ಸ್ಟ್ಯಾಂಡಿನಿಂದ ರಿಕ್ಷಾ ಮಾಡಿಕೊಂಡು ಗ್ರಂಥಾಲಯ ತಲುಪಿದಾಗ ಮಧ್ಯಾಹ್ನ ಮೂರರ ಸುಮಾರು. ಹಿಂಬಾಗಿಲು ತೆರೆದಿತ್ತು, ಸುಟ್ಟ ಕಬ್ಬಿಣದ ವಾಸನೆ ಬರುತ್ತಿತ್ತು. ಹದಿನಾಲ್ಕು ಸಾಲು ಕಪಾಟುಗಳಲ್ಲಿ ಬಾಗಿಲಿಗೆ ಹತ್ತಿರದ ಮೂರು ಸಾಲುಗಳನ್ನು, ನಡುದಾರಿಯ ಎಡಬದಿಯವನ್ನು ಮಾತ್ರ, ಆಗಲೇ ಕತ್ತರಿಸಿ ಹೊರಗೆ ಹಾಕಿದ್ದರು. ಬಲಬದಿಯವು ಇನ್ನೂ ನಿಂತಿದ್ದವು. ಕತ್ತರಿಸಿದ ಕಾಲುಗಳ ಮೇಲಿನ ತುಂಡುಗಳು ಸೂರಿನಿಂದ ಜೋತುಬಿದ್ದಿದ್ದವು. ಒಬ್ಬ ಕೆಲಸಗಾರ ನಾಲ್ಕನೆಯ ಸಾಲಿಗೆ ಬೆಂಕಿ ಹಿಡಿದಿದ್ದ.

ಕೆಲಸಗಾರರ ಮೇಲ್ವಿಚಾರಣೆಗಿದ್ದ ಮುಕಾದಮ ವಿಜಾಪುರ ಕಡೆಯವನು. ನಾನು ಕನ್ನಡದಲ್ಲಿ ಮಾತಾಡಿದ್ದು ಕೇಳಿ ಅವನ ಮುಖ ಸಡಿಲವಾಯಿತು, ಆದರೆ ಕೆಲಸ ನಿಲ್ಲಿಸಲು ಒಪ್ಪಲಿಲ್ಲ.

“ನನಗ ಕಾಗದ ಬೇಕ್ರಿ ಮೇಡಮ್ಮಾರ. ಬಾಯಿಮಾತಿಗೆ ನಿಂದರಿಸಿದ್ರ ನಾಳೆ ನಾ ಮನ್ಯಾಗ ಕುಂದ್ರಬೇಕಾಗತೈತಿ.”

ನನಗೆ ಅಂಥ ಆದೇಶ ಕೊಡುವ ಅಧಿಕಾರವಿರಲಿಲ್ಲ. ಮೇಜಿನ ಮೇಲೆ ಹಳೆಯ ಸೂಚಿ ಕಾರ್ಡುಗಳ ಕಟ್ಟು ಬಿದ್ದಿತ್ತು. ಒಂದರ ಹಿಂಬದಿಯಲ್ಲಿ, ಈ ಕೆಲಸವನ್ನು ಕೂಡಲೇ ನಿಲ್ಲಿಸಬೇಕು, ಇದಕ್ಕೆ ನಾನೇ ಜವಾಬ್ದಾರಳು ಎಂದು ಬರೆದು ಸಹಿ ಹಾಕಿದೆ. ಅದನ್ನು ಮುಕಾದಮನ ಕೈಗೆ ಕೊಟ್ಟೆ. ಅವನು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಅಷ್ಟರಲ್ಲಿ ಅಪ್ಪ ಒಳಗೆ ಹೋಗಿ ನಾಲ್ಕನೆಯ ಸಾಲಿನ ಒಂದು ಕಾಲಿನ ಮೇಲೆ ಅಂಗೈ ಇಟ್ಟು ನಿಂತಿದ್ದ. ಕಿವಿ ಹೋದ ಮೇಲೆ ಅವನು ಮಗ್ಗದ ರೋಗ ಹಿಡಿಯುತ್ತಿದ್ದದ್ದು ಹಾಗೆಯೇ. ಕಣ್ಣು ಮುಚ್ಚಿಕೊಂಡಿದ್ದ. ಆಮೇಲೆ ಕೈ ತೆಗೆಯದೆಯೇ ಮುಕಾದಮನನ್ನು ಕರೆದ.

“ಕತ್ತರಿಸಿದ ಮ್ಯಾಲ ತುಂಡು ಕೆಳಗ ಜಗ್ಗಿತ್ತೇನು?”

ಮುಕಾದಮ ಕಟರ್ ಹಿಡಿದವನ ಮುಖ ನೋಡಿದ. ಅವನು ಹೌದೆಂದ. ಕೊಯ್ದಕೂಡಲೇ ಮೇಲಿನ ತುಂಡು ಒಂದು ಬೆರಳಷ್ಟು ಇಳಿಯುತ್ತಿದೆ, ಹಳೆಯ ಬೋಲ್ಟು ಸಡಿಲಾಗಿರಬೇಕು ಅಂದುಕೊಂಡೆ ಎಂದ. ಅಪ್ಪನಿಗೆ ಅದು ಕೇಳಿಸಲಿಲ್ಲ. ಅವನು ತನ್ನ ಮಾತನ್ನೇ ಮುಂದುವರಿಸಿದ: “ಇದು ನಡುಗಾಕತ್ತೈತಿ ತಮ್ಮಾ. ಮ್ಯಾಲ ಯಾರದಾರ?”

ಮುಕಾದಮ ತಲೆಯೆತ್ತಿ ಸೂರು ನೋಡಿದ. “ಮ್ಯಾಲ ನಮ್ಮಾಕಿ ಅದಾಳ್ರಿ,” ಎಂದ.

ಅವನ ಹೆಂಡತಿ ಎರಡನೆಯ ಅಂತಸ್ತಿನ ಆ ಕೊನೆಯಲ್ಲಿ ಸಂಪುಟಗಳ ಮೇಲೆ ಬಟ್ಟೆ ಹೊದಿಸುತ್ತಿದ್ದಳು, ಬೆಂಕಿಯ ಕಿಡಿ ತಾಗದಿರಲೆಂದು. ಮೆಟ್ಟಿಲು ಇದ್ದದ್ದು ಈ ಕೊನೆಯಲ್ಲಿ, ಬಲಗೋಡೆಯ ಪಕ್ಕ. ಆಕೆ ಕೆಳಗಿಳಿಯಬೇಕಾದರೆ ಕತ್ತರಿಸಿದ ಸಾಲುಗಳ ಮೇಲಿನ ಭಾಗವನ್ನು ದಾಟಲೇಬೇಕು. ಮುಕಾದಮ ಮೆಟ್ಟಿಲ ಕಡೆ ಓಡಿದ. ಅಪ್ಪ ಅವನ ರಟ್ಟೆ ಹಿಡಿದು ನಿಲ್ಲಿಸಿ, ಗಂಡಸರ ಭಾರ ಮೇಲೆ ಬೇಡ, ನೀನು ಹೊರಗೆ ಬಿದ್ದಿರುವ ಉದ್ದ ಮರದ ಕಂಬಗಳನ್ನು, ಆ ಬಲ್ಲಿಗಳನ್ನು ತರಿಸಿ ಸೂರಿಗೆ ಆಧಾರ ಕೊಡು ಎಂದ. ನನ್ನ ಕಡೆ ನೋಡಿದ. ನಾನು ಮೆಟ್ಟಿಲು ಹತ್ತಿದೆ.

ಕೊನೆಯ ಮೆಟ್ಟಿಲ ಮೇಲೆ ನಿಂತೆ, ನೆಲದ ಮೇಲೆ ಕಾಲಿಡಲಿಲ್ಲ. ಅಲ್ಲಿಂದ ನೋಡಿದರೆ ನಡುದಾರಿ ಎಡಕ್ಕೆ ವಾಲಿದ್ದು ಬರಿಗಣ್ಣಿಗೆ ಕಾಣುತ್ತಿತ್ತು. ನಾನೇ ಪೇರಿಸಿ ಇಡಿಸಿದ ಸಂಪುಟಗಳ ಗೋಡೆ ಅದೇ ಕಡೆ ಬಾಗಿತ್ತು. ಗೋಡೆಯ ಸಂದು ಬಲಕ್ಕೆ ಹಿರಿದಾಗಿತ್ತು. ಆಕೆ ನನ್ನನ್ನು ನೋಡಿ, ಕೆಲಸ ಮುಗಿಯಿತೇನೋ ಎಂದು ಸೆರಗು ಕೊಡವಿಕೊಂಡು ನಡುದಾರಿಯಲ್ಲೇ ಬರತೊಡಗಿದಳು.

“ಅಲ್ಲೇ ನಿಲ್ಲವ್ವಾ,” ಎಂದೆ.

ನಿಂತಳು. ಏನೋ ಕೆಟ್ಟದ್ದಾಗಿದೆ ಎಂದು ಅವಳಿಗೆ ಹೊಳೆಯಿತು. ಕೂಗಲಿಲ್ಲ, ಎರಡೂ ಕೈ ಎದೆಗೆ ಒತ್ತಿಕೊಂಡಳು. ಮೆಟ್ಟಿಲಿರುವ ಗೋಡೆಯ ಕಡೆ ಸರಿ, ಆದರೆ ಗೋಡೆ ಹಿಡಿಯಬೇಡ, ಕಪಾಟು ಹಿಡಿದುಕೋ ಎಂದು ಹೇಳಿದೆ. ಗೌಂಡಿಯವರ ಮಾತನ್ನು ಅವರ ನುಡಿಯಲ್ಲೇ ಒಪ್ಪಿಸಿದೆ: “ನಡುವ ಕಾಲಿಡಬ್ಯಾಡ. ಕಪಾಟಿನ ಬುಡಕ ಹೆಜ್ಜಿ ಇಡು. ಒಂದ ಕಾಲು ಗಟ್ಟಿ ಊರಿದ ಮ್ಯಾಲ ಇನ್ನೊಂದ ಎತ್ತು.”

ಆಕೆ ಬಂದಳು. ಹನ್ನೆರಡನೆಯ ಸಾಲು, ಹನ್ನೊಂದು, ಹತ್ತು. ಕೆಳಗೆ ಬಲ್ಲಿ ಎಳೆದು ತರುವ ಸದ್ದು, ಬೆಣೆಗೆ ಸುತ್ತಿಗೆ ಬೀಳುವ ಸದ್ದು. ಒಂದೊಂದು ಪೆಟ್ಟಿಗೂ ಆಕೆ ನಿಲ್ಲುತ್ತಿದ್ದಳು, ನಾನು ಬಾ ಎಂದ ಮೇಲೆ ಮುಂದಿನ ಹೆಜ್ಜೆ ಇಡುತ್ತಿದ್ದಳು. ಐದನೆಯ ಸಾಲಿಗೆ ಬಂದಾಗ ಎಡಗಡೆ ಕಲ್ಲೊಂದು ಲಟ್ಟೆಂದಿತು. ಆಕೆ ಕಪಾಟನ್ನು ಅಪ್ಪಿಕೊಂಡು ಕುಸಿದು ಕೂತುಬಿಟ್ಟಳು. ಇನ್ನು ಬರುವುದಿಲ್ಲ ಎಂದು ತಲೆಯಾಡಿಸಿದಳು.

ನಾನು ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಅವಳ ಊರು ಕೇಳಿದೆ. ತವರು ಕೇಳಿದೆ. ಇಂಡಿ ತಾಲೂಕು ಎಂದಳು. ಮಕ್ಕಳೆಷ್ಟು ಎಂದೆ. ಇಬ್ಬರು ಹೆಣ್ಣುಮಕ್ಕಳು, ಊರಲ್ಲಿ ಅಜ್ಜಿಯ ಬಳಿ ಇದ್ದಾರೆ ಎಂದಳು. ದೊಡ್ಡವಳು ಎಷ್ಟನೆಯ ಇಯತ್ತೆ ಓದುತ್ತಾಳೆ ಎಂದು ಕೇಳುತ್ತಾ ನಾನು ಮೆಟ್ಟಿಲು ಬಿಟ್ಟು ಮೊದಲ ಕಪಾಟಿನ ಬುಡಕ್ಕೆ ಕಾಲಿಟ್ಟಿದ್ದೆ. ಯಾವಾಗ ಇಟ್ಟೆನೆಂದು ನನಗೇ ಗೊತ್ತಿಲ್ಲ. ಆಕೆ ಎದ್ದಳು. ನಾಲ್ಕು, ಮೂರು, ಎರಡು. ಚಾಚಿದ ನನ್ನ ಕೈಗೆ ಅವಳ ಬೆರಳು ಸಿಕ್ಕಿದವು, ಬೆವರಿಗೆ ಜಾರುತ್ತಿದ್ದವು. ಎಳೆದುಕೊಂಡು ಇಬ್ಬರೂ ಮೆಟ್ಟಿಲಿಗೆ ಬಂದು ಬಿದ್ದೆವು.

ಕೆಳಗೆ ಅವರು ಐದು ಬಲ್ಲಿ ನಿಲ್ಲಿಸಿದ್ದರು. ಟೆಂಪೋದ ಜಾಕು ತಂದು ಆರನೆಯದನ್ನು ಏರಿಸಬೇಕೆಂದಿದ್ದ ಮುಕಾದಮ. ಅಪ್ಪ ಇನ್ನೂ ಅದೇ ಕಾಲಿನ ಮೇಲೆ ಅಂಗೈ ಇಟ್ಟಿದ್ದ. ಒಮ್ಮೆಲೇ ಕೈ ಹಿಂದಕ್ಕೆಳೆದುಕೊಂಡು ಎಲ್ಲರೂ ಹೊರಗೆ ನಡೆಯಿರಿ ಎಂದ. ಅವನ ದನಿಯಲ್ಲಿದ್ದದ್ದು ಖಾತೆಯ ಜಾಬರನ ದನಿ. ಯಾರೂ ಎದುರಾಡಲಿಲ್ಲ.

ನಾವು ಅಂಗಳದ ಬೇವಿನ ಮರದ ತನಕ ಹೋಗಿದ್ದೆವೋ ಇಲ್ಲವೋ, ಒಳಗೆ ಕಲ್ಲು ಮುರಿದು ಬಿದ್ದವು. ಅದರ ಹಿಂದೆ ಪುಸ್ತಕಗಳು ಬೀಳುವ ಸದ್ದು ಬಹಳ ಹೊತ್ತು ಬಂತು, ಧಪಧಪ ಎಂದು, ನಿಂತು ನಿಂತು. ಬಾಗಿಲಿನಿಂದ ಬಿಳಿ ಧೂಳು ಹೊರಬಂತು. ಮುಕಾದಮನ ಹೆಂಡತಿ ನೆಲದ ಮೇಲೆ ಕೂತು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಮುಕಾದಮ ನನ್ನ ಕಾರ್ಡನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ.

ಬಲ್ಲಿಗಳು ಹಿಡಿದಿದ್ದರಿಂದ ಬಿದ್ದದ್ದು ನಾಲ್ಕು ಚಪ್ಪಡಿ, ಮತ್ತು ಅವುಗಳ ಮೇಲಿದ್ದ ಸಂಪುಟಗಳು. ಉಳಿದದ್ದು ವಾಲಿಕೊಂಡು ಹಾಗೆಯೇ ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಗ್ರಂಥಪಾಲರು ಬಂದಾಗ ಧೂಳು ಇನ್ನೂ ಇಳಿದಿರಲಿಲ್ಲ. ಬಾಗಿಲಲ್ಲಿ ನಿಂತು ಒಳಗೆ ನೋಡಿ, ನನ್ನನ್ನು ನೋಡಿ, ಕಟ್ಟೆಯ ಮೇಲೆ ಕೂತು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಬರಲು ತಡಮಾಡಿದೆ ಎಂದು ಮೆಲ್ಲಗೆ ಮರಾಠಿಯಲ್ಲಿ ಹೇಳಿದರು.

ವಿಚಾರಣೆ ನಡೆಯುತ್ತದೆಂದು ಎರಡು ದಿನದಲ್ಲಿ ಪತ್ರ ಬಂತು. ಅದರ ಮಾರನೆಯ ದಿನ ಗ್ರಂಥಪಾಲರು ಆ ಕೆಲಸದ ಕಡತವನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಊಟಕ್ಕೆ ಹೋಗಿ ಬರುತ್ತೇನೆ, ಅಷ್ಟರಲ್ಲಿ ಎಲ್ಲ ಸರಿಯಿದೆಯೇ ನೋಡಿ ಇಡಿ ಎಂದರು. ಬಾಗಿಲನ್ನು ಮುಂದಕ್ಕೆ ಎಳೆದುಕೊಂಡು ಹೋದರು.

ಕಡತ ಬಿಚ್ಚಿದೆ. ನನ್ನ ಟಿಪ್ಪಣಿ ಮೇಲಿಂದ ಮೂರನೆಯದು. ದಾರಕ್ಕೆ ಪೋಣಿಸಿದ್ದರು, ಅಷ್ಟೇ. ಪುಟಸಂಖ್ಯೆ ಹಾಕಿರಲಿಲ್ಲ, ಒಂದು ಹಾಳೆ ಎಳೆದು ತೆಗೆದರೂ ಯಾರಿಗೂ ಗೊತ್ತಾಗುವಂತಿರಲಿಲ್ಲ. ಫ್ಯಾನಿನ ಗಾಳಿಗೆ ಕಾಗದದ ಮೂಲೆ ಏಳುತ್ತಿತ್ತು. ಆ ಹೊತ್ತಿನಲ್ಲಿ ನಾನು ಏನೇನು ಯೋಚಿಸಿದೆ ಎಂಬುದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ. ನನ್ನ ಕೆಲಸ, ಅಪ್ಪನ ಔಷಧ, ಉಳಿದಿರುವ ಹನ್ನೊಂದು ವರ್ಷದ ಸೇವೆ, ಎಲ್ಲ ಬಂದುಹೋದವು. ಹೇಗೂ ಯಾರೂ ಸತ್ತಿಲ್ಲವಲ್ಲ ಎಂದೂ ಅನ್ನಿಸಿತು. ಆ ವಿಚಾರ ಬಂದಾಗ ಬೆವರಿದ ಆ ಬೆರಳುಗಳ ನೆನಪಾಯಿತು. ಪೆನ್ನು ತೆಗೆದು ಕಡತದ ಒಂದೊಂದು ಹಾಳೆಗೂ ಪುಟಸಂಖ್ಯೆ ಹಾಕುತ್ತಾ ಹೋದೆ. ನನ್ನ ಟಿಪ್ಪಣಿಗೆ ಬಂದಾಗ ಅದಕ್ಕೂ ಹಾಕಿದೆ. ಗ್ರಂಥಪಾಲರು ಬಂದು ಕಡತ ತಿರುವಿ ನೋಡಿ, ತಲೆಯಾಡಿಸಿ ತೆಗೆದುಕೊಂಡು ಹೋದರು. ಅವರಿಗೆ ಸಮಾಧಾನವಾಯಿತೋ ಬೇಸರವಾಯಿತೋ ನನಗೆ ತಿಳಿಯಲಿಲ್ಲ.

ವಿಚಾರಣೆಯಲ್ಲಿ ಮೂವರು ಕೂತಿದ್ದರು. ಪರಿಶೀಲಿಸದೆ ಬರೆದದ್ದು ನಿಜವೇ ಎಂದು ಕೇಳಿದರು, ನಿಜ ಎಂದೆ. ಅಧಿಕಾರವಿಲ್ಲದೆ ಕೆಲಸ ನಿಲ್ಲಿಸಲು ಬರೆದುಕೊಟ್ಟದ್ದು ನಿಜವೇ ಎಂದರು, ಅದೂ ನಿಜ ಎಂದೆ. ಎರಡಕ್ಕೂ ಸೇರಿಸಿ ಒಂದು ಛೀಮಾರಿ ಪತ್ರ ಕೊಟ್ಟರು. ಕಟ್ಟಡದ ವಿಷಯ ಯಾರಿಂದ ತಿಳಿಯಿತು ಎಂದಾಗ ಗೌಂಡಿಯವರ ಬಗ್ಗೆ ಹೇಳಿದೆ. ಅವರನ್ನು ಕರೆಸಬೇಕೆಂದು ಆ ಮೂವರಲ್ಲಿದ್ದ ಹಿರಿಯ ಇಂಜಿನಿಯರರೇ ಹಟ ಹಿಡಿದರು.

ಗೌಂಡಿಯವರನ್ನು ಸೊಸೆ ಕರೆತಂದಳು. ಹೊರಗೆ ನಿಂತು ಮುಂಬಾಗಿಲ ಕಮಾನನ್ನು ತಲೆಯೆತ್ತಿ ನೋಡಿದರು, ಅಂಗೈಯಿಂದ ಕಲ್ಲು ತಟ್ಟಿದರು. ಒಳಗೆ ಇಂಜಿನಿಯರರು ಅವರ ಪಕ್ಕ ಉಕ್ಕಿನ ಟೇಪು ಹಿಡಿದು ಬಗ್ಗಿ ಬಗ್ಗಿ ಅಳೆದರು. ಪಾಯ ಎಲ್ಲೆಲ್ಲಿ ಆಳ, ಯಾವ ಕಾಲಿನ ಕೆಳಗೆ ಬಂಡೆ ಇದೆ, ಎಲ್ಲಿ ಮಣ್ಣು ಸಡಿಲವೆಂದು ಜಲ್ಲಿ, ಸುಣ್ಣ ತುಂಬಿದರು ಎಂಬುದನ್ನೆಲ್ಲ ಗೌಂಡಿಯವರು ಕೋಲಿನಿಂದ ತೋರಿಸಿದರು. ನಾನು ಕನ್ನಡದಿಂದ ಮರಾಠಿಗೆ ಹೇಳುತ್ತಾ ಹೋದೆ, ಬರೆದುಕೊಳ್ಳುತ್ತಾ ಹೋದೆ. ಕಟ್ಟಡಕ್ಕೆ ಮತ್ತೆ ಒಂದು ನಕ್ಷೆ ಆಯಿತು. ಮುರಿದುಬಿದ್ದ ಚಪ್ಪಡಿಗಳ ಹತ್ತಿರ ಮಾತ್ರ ಅವರು ಹೋಗಲಿಲ್ಲ. ನಾನು ತೋರಿಸಲು ಹೋದರೆ ಬೇಡವೆಂದು ಕೈ ಮಾಡಿದರು.

ಮೇಲಿನ ಅಂತಸ್ತುಗಳ ಪುಸ್ತಕಗಳನ್ನೂ ಇಳಿಸಿ, ಮಳೆಗಾಲ ಪೂರ್ತಿ ಹಿಂಭಾಗ ಮುಚ್ಚಿದ್ದರು. ಕತ್ತರಿಸಿದ ಕಾಲುಗಳ ಜಾಗದಲ್ಲಿ ಹೊಸವು ಬಂದವು, ಹೊಸ ಚಪ್ಪಡಿ ಬಂದವು. ಕಂಪ್ಯೂಟರ್ ಕೋಣೆಯನ್ನು ಬೇರೆ ಕಟ್ಟಡಕ್ಕೆ ಒಯ್ದರು. ಕಿರುಪುಸ್ತಕ ಅಚ್ಚಾದಾಗ ಅದರಲ್ಲಿ ಈ ಸಂಗತಿ ಎರಡು ಸಾಲಾಗಿತ್ತು. ನಾನು ಗೌಂಡಿಯವರ ಮಾತಿನ ಹನ್ನೊಂದು ಪುಟಗಳನ್ನು ನಕ್ಷೆಯ ಜೊತೆ ಹೊಲಿಸಿ, ನನ್ನ ಟಿಪ್ಪಣಿಯ ಪ್ರತಿಯನ್ನೂ ಸೇರಿಸಿ, ಕಟ್ಟಡಶಾಸ್ತ್ರದ ಕಪಾಟಿನಲ್ಲಿ ನಂಬರು ಹಾಕಿ ಇಟ್ಟೆ.

ದೀಪಾವಳಿಯಾದ ಮೇಲೆ ಪುಸ್ತಕಗಳನ್ನು ಮರಳಿ ಏರಿಸುವ ಕೆಲಸ. ದಿನಕ್ಕೆ ಒಂದೇ ಸಾಲು ತುಂಬಬೇಕು, ಸಂಜೆ ಅಳತೆ ನೋಡಬೇಕು, ಮಾರನೆಯ ದಿನ ಇನ್ನೊಂದು ಎಂದು ಇಂಜಿನಿಯರರು ಹೇಳಿದ್ದರು. ಹೊರಲು ಬಂದ ಹೆಣ್ಣಾಳುಗಳಲ್ಲಿ ಮುಕಾದಮನ ಹೆಂಡತಿಯೂ ಇದ್ದಳು. ಆಕೆಯೇ ಕೇಳಿಕೊಂಡು ಬಂದಿದ್ದಳಂತೆ. ಮೊದಲ ಹೊರೆ ತಲೆಯ ಮೇಲೆ ಹೊತ್ತು ಮೆಟ್ಟಿಲ ತನಕ ಬಂದಳು, ಒಂದು ಕಾಲು ಎತ್ತಿ ಇಟ್ಟಳು, ಮತ್ತೆ ಇಳಿಸಿದಳು. ಉಳಿದವರು ನೋಡುತ್ತಿದ್ದರು.

“ಇಲ್ಲೀತನಕ ತರ್ತೇನ್ರಿ ಅಕ್ಕಾರ. ಮ್ಯಾಲ ಬ್ಯಾಡ್ರಿ,” ಎಂದಳು.

ಆಗಲಿ ಎಂದೆ. ಅವಳ ತಲೆಯಿಂದ ಹೊರೆ ಇಳಿಸಿಕೊಂಡು, ಎದೆಗೆ ಅವಚಿಕೊಂಡು ನಾನು ಮೆಟ್ಟಿಲು ಹತ್ತಿದೆ. ಹದಿನಾಲ್ಕು ದಿನವೂ ಹಾಗೆಯೇ ನಡೆಯಿತು.